ಸ್ವೆಟರ್ ಹಾಕಿಕೊಂಡು ಮಾಡಿದ ಪರೀಕ್ಷೆ

ನಾನು ಡಿಗ್ರಿ ಪಾಸಾಗುವ ಮಾತೇ ಇಲ್ಲ ಎಂದು ಮೊದಲು ಹೇಳಿದವನು ನನ್ನ ಸ್ವಂತ ಅಣ್ಣ ಫಕ್ಕೀರಪ್ಪ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವನು ಹಮಾಲರ ಮೇಸ್ತ್ರಿ. ಅಲ್ಲೇ ಕಂಪ್ಯೂಟರ್ ಕೆಲಸ ನನ್ನದು. ಐವತ್ತಾರನೆಯ ವಯಸ್ಸಿನಲ್ಲಿ ಹಾವೇರಿಗೆ ಹೋಗಿ, ಮನೆಯಲ್ಲೇ ಕುಳಿತು ಓದುವ ಬಿ.ಸಿ.ಎ.ಗೆ ಹೆಸರು ಹಚ್ಚಿ ಬಂದೆ. ಅವತ್ತು ಅವನು ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

“ತಂಗೆವ್ವಾ, ನಮ್ಮ ಮನ್ಯಾಗ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಾಕ ಕಲತಾಕಿ ನೀ ಒಬ್ಬಾಕಿನ. ಅದ ದೊಡ್ಡದು. ಡಿಗ್ರಿ ಗಿಗ್ರಿ ನಮ್ಮಂಥವ್ರ ಕೈಗೆ ಹತ್ತೂದಲ್ಲ. ಸುಮ್ನ ಯಾಕ ಈ ವಯಸ್ಸಿನ್ಯಾಗ ನಗಪಾಟಲು?”

ಹೊಟ್ಟೆಕಿಚ್ಚಿನ ಮಾತಲ್ಲ ಅದು. ಅಪ್ಪ ಚೀಲ ಹೊರುವಾಗ ಬಿದ್ದು ಸೊಂಟ ಮುರಿದುಕೊಂಡ ವರ್ಷ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ನನ್ನ ಓದಿಗೆಂದು ಇವನು ಹದಿನೆಂಟಕ್ಕೇ ಹಮಾಲರ ಕೊಕ್ಕೆ ಹಿಡಿದ. ಆದರೂ ನಾನು ಕಾಲೇಜು ಬಿಡಬೇಕಾಯಿತು. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ತೀರಿಕೊಂಡ. ಅಣ್ಣನ ಮನೆಗೇ ಬಂದೆ. ಟೈಪಿಂಗ್ ಪಾಸಾಗಿದ್ದರಿಂದ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತು. ನನ್ನ ಓದಿನ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು ಇನ್ನೊಮ್ಮೆ ಆಸೆ ಇಟ್ಟುಕೊಳ್ಳಲು ಅಂಜಿದ್ದ, ಅಷ್ಟೆ.

ಈಗ ನಿವೃತ್ತಳಾಗಿದ್ದೇನೆ. ನಾನು ಬಿಟ್ಟು ಬಂದ ಕುರ್ಚಿಯಂಥ ಕುರ್ಚಿಗಳಿಗೆ ಹೊಸದಾಗಿ ಬರುವವರಿಗೆ ಕೆಲವು ಮಾತು ಬರೆದಿಡಬೇಕೆನಿಸಿತು. ಯಾವ ವರ್ಷ ಯಾವ ಹುದ್ದೆ ಸಿಕ್ಕಿತೆಂಬುದು ನಿಮಗೆ ಬೇಡ. ಎಲ್ಲಿ ತಪ್ಪಿದೆ ಎಂಬುದು ಬೇಕಾಗುತ್ತದೆ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಮೆಣಸಿನಕಾಯಿ ಹೊರಗಿನ ಬಿಸಿಲಿನಲ್ಲಿ ಬಿದ್ದರೆ ಬಣ್ಣ ಬಿಡುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಇರುವುದೇ ಬಣ್ಣಕ್ಕೆ. ಆದ್ದರಿಂದ ರೈತರೂ ವ್ಯಾಪಾರಿಗಳೂ ಚೀಲಗಳನ್ನು ತಂದು ನಮ್ಮಲ್ಲಿ ತಂಪಿಗೆ ಇಡುತ್ತಾರೆ. ಕಾಯಿ ಡಬ್ಬಿ ಜಾತಿಯದೋ ಕಡ್ಡಿ ಜಾತಿಯದೋ, ಯಾರ ಲಾಟು, ಎಷ್ಟು ಚೀಲ, ಯಾವ ಚೇಂಬರಿನ ಯಾವ ಸಾಲಿನಲ್ಲಿದೆ, ಇದನ್ನೆಲ್ಲ ಬರೆದಿಟ್ಟು, ಕೇಳಿದಾಗ ಸರಿಯಾಗಿ ಹೇಳುವುದು ನನ್ನ ಕೆಲಸ. ಕೇಳಲು ಸುಲಭ. ಚೇಂಬರೆಂದರೆ ನಾಲ್ಕು ಅಂತಸ್ತಿನ ಕತ್ತಲೆ. ಅದರೊಳಗೆ ಸಾವಿರಾರು ಚೀಲ, ಎಲ್ಲಕ್ಕೂ ಒಂದೇ ಮುಖ.

ಕಂಪ್ಯೂಟರ್ ಬಂದ ಎರಡನೆಯ ವರ್ಷದಲ್ಲೇ ಮೊದಲ ದೊಡ್ಡ ತಪ್ಪು ಮಾಡಿದೆ. ದೇವರಗುಡ್ಡದ ಕಡೆಯ ಒಬ್ಬ ಹೆಣ್ಣುಮಗಳು ನಲವತ್ತು ಚೀಲ ಡಬ್ಬಿ ಇಟ್ಟು ಹೋಗಿದ್ದಳು. ಬಿಡಿಸಿಕೊಳ್ಳಲು ಬಂದಾಗ ಕಂಪ್ಯೂಟರ್ ಮೂರನೆಯ ಚೇಂಬರ್ ಎಂದಿತು. ಮೂರನೆಯದರಲ್ಲಿ ಇಲ್ಲ. ಅಣ್ಣನ ಹಮಾಲರ ಟೋಳಿ ಎರಡು ದಿನ ಸಾಲುಗಳನ್ನು ಇಳಿಸಿ ಏರಿಸಿತು. ಆಕೆ ಗೇಟಿನ ಬಳಿ ಬುತ್ತಿ ಬಿಚ್ಚಿಕೊಂಡು ಕುಳಿತೇ ಇದ್ದಳು. ಕೊನೆಗೆ ಚೀಲ ಸಿಕ್ಕಿದ್ದು ಎಂಟನೆಯ ಚೇಂಬರಿನಲ್ಲಿ. ಎಂಟನ್ನು ಮೂರು ಎಂದು ಹೊಡೆದವಳು ನಾನೇ.

ಅಣ್ಣ ಎಲ್ಲರೆದುರೇ ಅಂದ, “ನೀ ಒಂದು ಬಟನ್ ತಪ್ಪಿ ಒತ್ತೀದಿ, ನಾವು ನಾನೂರು ಚೀಲ ಎತ್ತಿ ಇಟ್ಟೇವಿ. ನಿಮ್ಮ ಯಂತ್ರಕ್ಕ ಭಾರ ಗೊತ್ತಾಗೂದಿಲ್ಲ ನೋಡು.”

ಅಂದಿನಿಂದ ಯಾವುದೇ ಅಂಕಿ ಹೊಡೆದ ಮೇಲೆ ಒಮ್ಮೆ ಬಾಯಿಬಿಟ್ಟು ಓದುವ ರೂಢಿ ಮಾಡಿಕೊಂಡೆ. ಹೊಸಬರು ನಗುತ್ತಾರೆ. ನಗಲಿ.

ಎರಡನೆಯ ತಪ್ಪು ಘಾಟಿನದು. ನಮ್ಮೂರಿನ ಗಾಳಿಯಲ್ಲಿ ಮೆಣಸಿನಕಾಯಿಯ ಪುಡಿ ಇದ್ದೇ ಇರುತ್ತದೆ. ಮನುಷ್ಯರು ಸೀನಿ ಹಗುರಾಗುತ್ತಾರೆ, ಕಂಪ್ಯೂಟರಿಗೆ ಸೀನು ಬರುವುದಿಲ್ಲ. ಅದರ ಫ್ಯಾನು ಆ ಪುಡಿಯನ್ನು ಒಳಗೆ ಎಳೆದುಕೊಂಡು ಕೆಂಪು ಹತ್ತಿಯಂತೆ ಗಟ್ಟಿ ಮಾಡಿಟ್ಟುಕೊಳ್ಳುತ್ತದೆ. ಪುಡಿ ತಡೆಯಲೆಂದು ನಾನು ಹಳೆಯ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಕಂಪ್ಯೂಟರಿಗೆ ಹೊದಿಸಿದೆ. ಅರ್ಧ ತಾಸಿಗೆ ಅದು ಬಂದ್ ಆಯಿತು. ರಾಣೆಬೆನ್ನೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ರಫೀಕ್‌ಸಾಹೇಬರು ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

“ಅಕ್ಕಾರ, ಇದೇನ್ ನವವಧು ಏನ್ರಿ, ಸೆರಗು ಹೊಚ್ಚೀರಲ್ಲಾ! ಉಸಿರು ಕಟ್ಟಿ ಸಾಯ್ತೈತಿ ಪಾಪ, ತಗೀರಿ ಲಗೂನ.”

ಯಂತ್ರಕ್ಕೆ ಸೆಕೆ ಆಗುತ್ತದೆ ಎಂಬುದನ್ನು ನಾನು ಕಲಿತದ್ದು ಹಾಗೆ. ಕಲಿತೆ ಅಂದುಕೊಂಡಿದ್ದೆ. ಪೂರ್ತಿ ಕಲಿತಿರಲಿಲ್ಲ ಎಂಬುದು ಮುಂದೆ ಗೊತ್ತಾಯಿತು.

ನಮ್ಮ ಮಾಲೀಕರಾದ ದೊಡ್ಡ ಸಾಹುಕಾರರ ಬಗ್ಗೆ ಒಂದು ಮಾತು. ಅವರಿಗೆ ಕಂಪ್ಯೂಟರ್ ತಿಳಿಯುತ್ತಿರಲಿಲ್ಲ, ತಿಳಿಯುತ್ತದೆ ಎಂದು ತೋರಿಸಿಕೊಳ್ಳುತ್ತಲೂ ಇರಲಿಲ್ಲ. ಯಾವ ಸಾಮಾನು ಬಂದರೂ ಕೈಯಲ್ಲಿ ಎತ್ತಿ ತೂಕ ನೋಡುವರು. ತಮ್ಮ ಮೂರು ಕೋಲ್ಡ್ ಸ್ಟೋರೇಜುಗಳ ಲೆಕ್ಕವೂ ಒಂದೇ ಕಡೆ ಸಿಗಬೇಕೆಂದಾಗ ರಫೀಕ್‌ಸಾಹೇಬರು ಹುಬ್ಬಳ್ಳಿಯ ಯಾವುದೋ ಕಚೇರಿಯವರು ತೆಗೆದುಹಾಕಿದ್ದ ಹಳೆಯ ಸರ್ವರ್ ತಂದು ಕೂರಿಸಿದರು. ಅದನ್ನು ಎತ್ತಲು ಇಬ್ಬರು ಹಮಾಲರು ಬೇಕಾದರು. ಸಾಹುಕಾರರು ಒಂದು ಮೂಲೆ ಹಿಡಿದೆತ್ತಿ ನೋಡಿ, “ಹಾಂ, ಇದು ದುಡಿಯೂ ಜಾತಿ ಐತಿ,” ಅಂದರು. ಖರೀದಿ ಮುಗಿಯಿತು.

ಮನೆಯಲ್ಲಿ ಬಳಸುವ ಕಂಪ್ಯೂಟರಿಗೆ ಒಂದು ಪ್ರೊಸೆಸರ್ ಇರುತ್ತದೆ. ಲೆಕ್ಕ ಮಾಡುವ ಮಿದುಳು ಅದು. ಈ ಸರ್ವರಿನಲ್ಲಿ ಎರಡಿದ್ದವು, ಒಂದೊಂದರಲ್ಲೂ ಹತ್ತು ಕೋರ್. ಅಂದರೆ ಒಂದೇ ಹೊತ್ತಿಗೆ ಇಪ್ಪತ್ತು ಕೈಗಳಿಂದ ಕೆಲಸ ಮಾಡುವ ಯಂತ್ರ. ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯಂತೆ. ಬಾಗಿಲ ಮುಂದೆ ಹಾದುಹೋದವರೆಲ್ಲ, “ಅಕ್ಕಾರ, ಎರಡು ಸೇರು ಜ್ವಾಳ ತಂದೇನಿ, ಬೀಸಿ ಕೊಡ್ರಿ,” ಎಂದು ಚಾಷ್ಟಿ ಮಾಡುವರು. ಅದು ವರ್ಷಗಟ್ಟಲೆ ಬೀಸಿತು. ಮೂರೂ ಕಡೆಯ ಇಪ್ಪತ್ತೆರಡು ಕಂಪ್ಯೂಟರುಗಳು ಒಟ್ಟಿಗೆ ಕೇಳಿದರೂ ಉತ್ತರ ಕೊಟ್ಟಿತು.

ದೊಡ್ಡ ಸಾಹುಕಾರರು ಮನೆಯಲ್ಲಿ ಕುಳಿತ ಮೇಲೆ ಸಣ್ಣ ಸಾಹುಕಾರರು ಬಂದರು. ಬುದ್ಧಿವಂತರು, ಅವಸರದವರು. ಒಂದು ದಿನ ಹೊಸ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. ಪುಸ್ತಕದಷ್ಟು ತೆಳು.

“ಅಕ್ಕಾರ, ಇದರ ಪ್ರೊಸೆಸರ್ ನಿಮ್ಮ ಸರ್ವರಿಗಿಂತ ಎಷ್ಟೋ ವರ್ಷ ಹೊಸದು. ಆ ಗಿರಣಿ ಗುಜರಿಗೆ ಹಾಕೂಣು. ಇದೊಂದ ಸಾಕು.”

“ಇದರಾಗ ಎಂಟ ಕೋರ್ ಅದಾವ್ರಿ. ಅದರಾಗ ಇಪ್ಪತ್ತು.”

“ಎಂಟ ಇದ್ರೇನು, ಒಂದೊಂದು ಕುದುರಿ ಇದ್ದಂಗ ಓಡ್ತಾವು. ನೋಡ್ರಿ ಬೇಕಾದ್ರ. ನೀವು ಹ್ಯಾಂಗೂ ಪರೀಕ್ಷೆಗೆ ಓದಾಕತ್ತೀರಲ್ಲಾ, ಇದನ್ನ ಬರೀರಿ.”

ಆಗ ನಾನು ಕೊನೆಯ ವರ್ಷದಲ್ಲಿದ್ದೆ. ಒಂದು ಪ್ರಾಜೆಕ್ಟ್ ವರದಿ ಬರೆದು ಕೊಡಲೇಬೇಕಿತ್ತು, ಅದು ಪಾಸಾದರೇ ಡಿಗ್ರಿ. ಹಾವೇರಿಯಲ್ಲಿ ನನಗೆ ಮಾರ್ಗದರ್ಶಕರಾಗಿದ್ದ ಸರ್ ನನಗೆ ಮಗನಾಗುವ ವಯಸ್ಸಿನವರು. ವಿಷಯ ಹೇಳಿದಾಗ ಖುಷಿಪಟ್ಟರು. “ಎಲ್ಲರೂ ಇಂಟರ್ನೆಟ್ ನೋಡಿ ಬರೀತಾರಿ ಅಮ್ಮಾ. ನೀವು ನಿಮ್ಮ ಕೆಲಸದ ಯಂತ್ರ ಇಟ್ಟು ಅಳತಿ ಮಾಡಿ ತರ್ರಿ,” ಅಂದರು. ಹಳೆಯ ಸರ್ವರಿನ ಪ್ರೊಸೆಸರಿಗೂ ಹೊಸ ಲ್ಯಾಪ್‌ಟಾಪಿನ ಪ್ರೊಸೆಸರಿಗೂ ಹೋಲಿಕೆ. ವರದಿ ಆ ವರ್ಷವೇ ಒಪ್ಪಿತವಾದರೆ ನಿವೃತ್ತಿಗೆ ಮೊದಲೇ ಡಿಗ್ರಿ ಕೈಗೆ ಬರುತ್ತಿತ್ತು. ಕೋಲ್ಡ್ ಸ್ಟೋರೇಜಿನ ನೌಕರರ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಆ ಮೂರು ಅಕ್ಷರ ಬರೆಸಿಯೇ ಎದ್ದು ಬರಬೇಕೆಂಬುದು ನನ್ನ ಹಟ. ಒಂದು ದಿನದ ಮಟ್ಟಿಗಾದರೂ ಸರಿ.

ಪರೀಕ್ಷೆಗೆ ಎರಡು ಕೆಲಸ ಆರಿಸಿಕೊಂಡೆ. ಒಂದು, ಒಂದು ಸೀಜನ್ನಿನ ಎಲ್ಲ ಲಾಟುಗಳನ್ನೂ ಚೇಂಬರ್, ಸಾಲು, ಜಾತಿ ಪ್ರಕಾರ ವಿಂಗಡಿಸಿ ಪಟ್ಟಿ ಮಾಡುವುದು. ಇದು ಒಂದೇ ಕೋರ್ ಮಾಡುವ ಕೆಲಸ. ಇನ್ನೊಂದು, ಇಪ್ಪತ್ತೆರಡು ಕಡೆಯಿಂದಲೂ ಒಮ್ಮೆಲೇ ಚೀಟಿ, ಅಂದರೆ ಲಾಟು ಎಲ್ಲಿದೆ ಎಂಬ ವಿವರ, ಕೇಳಿಸುವುದು. ಸೀಜನ್ನಿನ ದಿನ ಗೇಟಿನಲ್ಲಿ ಲಾರಿಗಳು ನಿಂತಾಗ ಆಗುವುದು ಇದೇ.

ಸರ್ವರನ್ನು ಅದಿದ್ದ ಆಫೀಸಿನಲ್ಲೇ ಪರೀಕ್ಷಿಸಿದೆ. ಲ್ಯಾಪ್‌ಟಾಪ್ ಹೊರಗಿಡಲು ಸಣ್ಣ ಸಾಹುಕಾರರು ಒಪ್ಪಲಿಲ್ಲ. “ಹೊಸಾದೈತ್ರಿ, ಘಾಟು ಒಳಗ ಹೋದ್ರ ಕೆಡ್ತೈತಿ. ನಡುಕೋಣ್ಯಾಗ ಇಟ್ಟು ಮಾಡ್ರಿ, ಅಲ್ಲಿ ಪುಡಿ ಇರೂದಿಲ್ಲ.”

ನಡುಕೋಣೆ ಎಂದರೆ ಚೇಂಬರಿಗೂ ಹೊರಗಿಗೂ ನಡುವಿನ ಕೋಣೆ, ಎರಡೂ ಕಡೆ ದಪ್ಪ ಬಾಗಿಲು. ಒಳಗಿಂದ ತಂದ ಚೀಲವನ್ನು ಒಮ್ಮೆಲೇ ಬಿಸಿಲಿಗೆ ಒಯ್ದರೆ ಅದು ಬೆವರುತ್ತದೆ, ಕಾಯಿ ಒದ್ದೆಯಾಗಿ ಕೆಡುತ್ತದೆ. ಅದಕ್ಕೇ ಕೆಲ ಹೊತ್ತು ಅಲ್ಲಿಟ್ಟು ಆಮೇಲೆ ಹೊರಗೆ ಒಯ್ಯುತ್ತಾರೆ. ಅಲ್ಲಿ ಪುಡಿ ಇಲ್ಲ ಎಂಬುದು ಖರೆ. ನಾನು ಎಂದಿನಂತೆ ಗೂಟಕ್ಕೆ ತೂಗುಹಾಕಿದ್ದ ಸ್ವೆಟರ್ ಹಾಕಿಕೊಂಡು, ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಒಳಗೆ ಕುಳಿತೆ. ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವ ಸ್ವೆಟರ್. ಅದನ್ನು ಹಾಕಿಕೊಂಡದ್ದು ನನ್ನ ಗಮನಕ್ಕೇ ಬರಲಿಲ್ಲ.

ಪಟ್ಟಿ ಮಾಡಲು ಸರ್ವರ್ ಹನ್ನೊಂದು ನಿಮಿಷ ತೆಗೆದುಕೊಂಡಿತ್ತು. ಲ್ಯಾಪ್‌ಟಾಪ್ ಐದರಲ್ಲಿ ಮುಗಿಸಿತು. ಇದನ್ನು ನಾನು ನಿರೀಕ್ಷಿಸಿದ್ದೆ. ಹೊಸ ಪ್ರೊಸೆಸರಿನ ಒಂದೊಂದು ಕೋರೂ ಹಳೆಯದಕ್ಕಿಂತ ಜೋರು. ಆಶ್ಚರ್ಯವಾದದ್ದು ಎರಡನೆಯದರಲ್ಲಿ. ಇಪ್ಪತ್ತೆರಡು ಕಡೆಯಿಂದ ಎರಡು ತಾಸು ಕೇಳಿಸಿದರೂ ಅದು ಸರ್ವರಿಗಿಂತ ಒಂದು ಹೆಜ್ಜೆ ಮುಂದೆಯೇ ಇತ್ತು. ಎಂಟು ಕೈ, ಇಪ್ಪತ್ತು ಕೈಯನ್ನು ಸೋಲಿಸಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಅಂಕಿಗಳನ್ನು ಬಾಯಿಬಿಟ್ಟು ಓದಿ ಬರೆದುಕೊಂಡೆ. ಹೊರಗೆ ತಂದು ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಸಣ್ಣ ಹನಿಗಳು ಮೂಡಿದ್ದವು. ಸೆರಗಿನಿಂದ ಒರೆಸಿದೆ. ಆ ಹನಿ ನೋಡಿದಾಗಲಾದರೂ ತಿಳಿಯಬೇಕಿತ್ತು.

ವರದಿ ಬರೆದೆ. ಸರ್ ಓದಿ ಮೆಚ್ಚಿ ಅಧ್ಯಯನ ಕೇಂದ್ರಕ್ಕೆ ಸಲ್ಲಿಸಿದರು. ಮೌಖಿಕ ಪರೀಕ್ಷೆಯ ದಿನವೂ ಗೊತ್ತಾಯಿತು. ಸಣ್ಣ ಸಾಹುಕಾರರು ಒಂದು ಪ್ರತಿ ಇಸಿದುಕೊಂಡು, ಮುಂದಿನ ಸೀಜನ್ ಶುರುವಾಗುವುದರೊಳಗೆ ಸರ್ವರ್ ತೆಗೆಸುವುದೆಂದು ರಫೀಕ್‌ಸಾಹೇಬರಿಗೆ ಫೋನ್ ಮಾಡಿಯೂ ಬಿಟ್ಟರು.

ಅವತ್ತು ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಅಣ್ಣನೆದುರು ವರದಿ ಬಿಚ್ಚಿ ಓದಿದೆ. ಓದದವನೆದುರು ಓದಿ ತೋರಿಸುವ ಹುರುಪು ನನಗಿತ್ತು, ಸುಳ್ಳು ಹೇಳಲಾರೆ. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

“ಎಂಟು ಮಂದಿ ಇಪ್ಪತ್ತು ಮಂದೀನ ಸೋಲ್ಸಿದ್ರು ಅಂತೀಯಲ್ಲಾ, ಎಷ್ಟೊತ್ತು?”

“ಎರಡು ತಾಸು.”

“ಎರಡು ತಾಸು ಒಂದ ಸವನ ಓಡಿದ್ರು?”

“ಹೂಂ. ಒಂದೀಟೂ ಕುಂದಲಿಲ್ಲ.”

“ಬೆವರಲಿಲ್ಲ?”

“ಯಂತ್ರ ಎಲ್ಲಿ ಬೆವರ್ತೈತಿ ಅಣ್ಣಾ.”

“ಎಲ್ಲಿಟ್ಟು ನೋಡೀದಿ?”

“ನಡುಕೋಣ್ಯಾಗ.”

“ಆ ಗಿರಣಿ?”

“ಅದು ಆಫೀಸ್‌ನ್ಯಾಗ. ಅಲ್ಲೇ ಇರೂದಲ್ಲ ಅದು.”

ಅವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ಒಬ್ಬ ಹಮಾಲನ್ನ ತಂಪಿನ್ಯಾಗ ನಿಲ್ಲಿಸಿ, ಇನ್ನೊಬ್ಬನ್ನ ಬಿಸಲಾಗ ನಿಲ್ಲಿಸಿ, ತಂಪಿನ್ಯಾಗಿದ್ದಾಂವ ಗೆದ್ದ ಅಂತ ಬರದೀಯೇನ? ಇದ್ಯಾವ ನ್ಯಾಯವಾ? ಒಳಗಿನ ಕೆಲಸಕ್ಕ ಹೋದ ಹುಡುಗೂರು ದಣಿಯೂದ ಇಲ್ಲ. ಅವ್ರನ್ನ ಹೊರಗ ಲಾರೀಗೆ ಹಚ್ಚಿದ್ರ ತಾಸಿಗೇ ನೀರು ನೀರು ಅಂತಾರ. ಚೀಲದ ಹಕೀಕತ್ತೂ ಹೊರಗ ತಂದಿಂದ ಗೊತ್ತಾಗತೈತಿ.”

ಸೀರೆ ಹೊದಿಸಿದ ಕಂಪ್ಯೂಟರ್ ನೆನಪಾಯಿತು. ಮುಚ್ಚಳದ ಮೇಲಿನ ಹನಿ ನೆನಪಾಯಿತು. ಮೈಮೇಲೆ ಇನ್ನೂ ಸ್ವೆಟರ್ ಇತ್ತು. ಹೊರಗೆ ಯುಗಾದಿ ಕಳೆದ ಬಿಸಿಲು. ನಾನು ಸ್ವೆಟರ್ ಹಾಕಿಕೊಂಡು ಕುಳಿತ ಜಾಗದಲ್ಲಿ ಯಂತ್ರವೊಂದು ಎರಡು ತಾಸು ದಣಿಯದೆ ಓಡಿತು, ಅದರಲ್ಲೇನು ಹೆಚ್ಚುಗಾರಿಕೆ!

ಮರುದಿನ ಲ್ಯಾಪ್‌ಟಾಪನ್ನು ಆಫೀಸಿನಲ್ಲಿ ಸರ್ವರಿನ ಪಕ್ಕದಲ್ಲೇ ಇಟ್ಟು ಮತ್ತೆ ಮಾಡಿದೆ. ಪಟ್ಟಿಯಲ್ಲಿ ಮತ್ತೆ ಅದೇ ಗೆದ್ದಿತು, ಕೆಲಸ ಸಣ್ಣದು. ಇಪ್ಪತ್ತೆರಡು ಕಡೆಯ ಚೀಟಿಗೆ ಹಚ್ಚಿದಾಗ ಮೊದಲ ಹತ್ತು ಹನ್ನೆರಡು ನಿಮಿಷ ಮುಂದಿತ್ತು. ಆಮೇಲೆ ತಳ ಕೈಯಿಡಲಾರದಷ್ಟು ಕಾಯಿತು. ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿತು. ಅದು ಯಂತ್ರದ ತಪ್ಪಲ್ಲ, ಹಾಗೆ ಮಾಡುವಂತೆಯೇ ಅದನ್ನು ಕಟ್ಟಿರುತ್ತಾರೆ. ಮುಕ್ಕಾಲು ತಾಸಿಗೆ ಬಂದಾಗ ಚೀಟಿಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಪಕ್ಕದಲ್ಲಿ ಗಿರಣಿ ಬೀಸುತ್ತಲೇ ಇತ್ತು.

ಸಣ್ಣ ಸಾಹುಕಾರರಿಗೆ ಹೇಳಿದೆ. ಅವರ ಮುಖ ಗಂಟಾಯಿತು.

“ಮೊನ್ನೆ ಒಂದು ಬರದ್ರಿ, ಇವತ್ತು ಒಂದು ಹೇಳ್ತೀರಿ. ನಿಮ್ಮ ಹಳೇ ಪೆಟ್ಟಗಿ ಉಳಸಾಕ ಅಂಕಿ ತಿದ್ದಿದಂಗ ಕಾಣ್ತೈತಿ.”

ಮೂವತ್ತು ವರ್ಷದಲ್ಲಿ ಆ ಮಾತು ನನಗೆ ಯಾರೂ ಅಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಘಾಟಿನ ಊರು, ಯಾರೂ ಕಾರಣ ಕೇಳುವುದಿಲ್ಲ.

“ಸಾಹುಕಾರ್ರ, ತಪ್ಪು ಮಾಡಿದಾಕಿ ನಾನು. ಮೊದಲ್ನೇ ಅಳತಿ ಸುಳ್ಳು. ನೀವ ಕುಂತು ನೋಡ್ರಿ. ರಫೀಕ್‌ಸಾಹೇಬ್ರನ್ನೂ ಕರಸ್ರಿ. ಎರಡನ್ನೂ ಸ್ವಚ್ಛ ಮಾಡಿ, ಒಂದ ಕೋಣ್ಯಾಗ ಇಟ್ಟು, ನಿಮ್ಮ ಕಣ್ಣ ಮುಂದ ಮಾಡ್ತೇನಿ.”

ರಫೀಕ್‌ಸಾಹೇಬರು ರಾಣೆಬೆನ್ನೂರಿನಿಂದ ಬ್ಲೋವರ್ ತಂದರು. ಸರ್ವರಿನ ಒಳಗಿಂದ ಬಂದ ಕೆಂಪು ಪುಡಿಗೆ ಮೂವರೂ ಸೀನಿದೆವು. “ಸಾಹುಕಾರ್ರ, ಇದರಾಗಿಂದ ಒಂದು ಹೊತ್ತಿನ ಸಾರು ಆಗತೈತ್ರಿ,” ಎಂದರು ಸಾಹೇಬರು. ಸಣ್ಣ ಸಾಹುಕಾರರಿಗೆ ನಗು ಬಂತು, ಬಿಗಿ ಸ್ವಲ್ಪ ಸಡಿಲಾಯಿತು. ಆ ದಿನ ಅವರು ಕುರ್ಚಿ ಹಾಕಿಕೊಂಡು ಮೂರು ತಾಸು ಕುಳಿತರು. ಕಂಡದ್ದು ಹಿಂದಿನ ದಿನದ್ದೇ. ಇನ್ನೂ ಎರಡು ಸಂಗತಿ ಕಂಡವು. ಲ್ಯಾಪ್‌ಟಾಪನ್ನು ಎತ್ತರದ ಜಾಲರಿ ಸ್ಟ್ಯಾಂಡಿನ ಮೇಲಿಟ್ಟು ಕೆಳಗೆ ಟೇಬಲ್ ಫ್ಯಾನ್ ಹಚ್ಚಿದಾಗ ಅದು ಎಷ್ಟೋ ಹೊತ್ತು ಹೆಚ್ಚು ತಡೆಯಿತು. ನಡುವೆ ಕರೆಂಟು ಹೋದಾಗ ತನ್ನ ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು; ಸರ್ವರ್ ಮಾತ್ರ ಯು.ಪಿ.ಎಸ್.ನ ಜೀವ ಹಿಂಡಿತು. ಎರಡನ್ನೂ ಬರೆದುಕೊಂಡೆ. ಅದರ ಗುಣ ಮುಚ್ಚಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಹೊಸಬರಿಗೆ ನಾನು ಹೇಳುವ ಮುಖ್ಯ ಮಾತು ಇಲ್ಲಿದೆ. ಆಫೀಸಿನಲ್ಲಿ ಸೋತದ್ದು ಹೊಸ ಪ್ರೊಸೆಸರ್ ಅಲ್ಲ, ಅದನ್ನು ಕೂರಿಸಿದ ತೆಳು ಡಬ್ಬಿ. ತಂಪು ಕೊಟ್ಟಾಗ ಆ ಎಂಟು ಕೋರ್ ಇಪ್ಪತ್ತಕ್ಕೆ ಸಮನಾಗಿದ್ದೂ ಖರೆ. ಒಂದು ಕೆಲಸ ಬೇಗ ಮುಗಿಯಬೇಕು, ಕರೆಂಟು ಕಡಿಮೆ ಹೋಗಬೇಕು ಎಂದರೆ ಹೊಸದನ್ನು ತೆಗೆದುಕೊಳ್ಳಿ. ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಮಂದಿ ಕೇಳುತ್ತಲೇ ಇರುತ್ತಾರೆ ಎಂದರೆ, ಅಗಲವಾದ ಮೈ, ದೊಡ್ಡ ಫ್ಯಾನು, ತನ್ನ ನೆನಪಿನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಮೆಮರಿ ಇರುವ ಸರ್ವರ್ ಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ನೋಡಿ ತೀರ್ಮಾನ ಮಾಡಬೇಡಿ. ಯಂತ್ರ ಎಲ್ಲಿ ಕೂತು ದುಡಿಯುತ್ತದೋ ಅಲ್ಲೇ ಇಟ್ಟು ಅಳೆಯಿರಿ. ಅಳತೆಯ ಹಾಳೆಯಲ್ಲಿ ನಿಮಿಷದ ಜೊತೆಗೆ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ನನ್ನ ಮೊದಲ ಹಾಳೆಯಲ್ಲಿ ಆ ಒಂದು ಕಾಲಮ್ ಇರಲಿಲ್ಲ. ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಉಷ್ಣತೆಯನ್ನು ತಾಸಿಗೊಮ್ಮೆ ಬರೆದಿಡುತ್ತೇವೆ. ಮೆಣಸಿನಕಾಯಿಗೆ ಬರೆಯುತ್ತಿದ್ದೆ, ಯಂತ್ರಕ್ಕೆ ಬರೆಯಬೇಕೆಂದು ಹೊಳೆಯಲಿಲ್ಲ.

ಸರ್ವರ್ ಆ ಸೀಜನ್ನಿಗೆ ಉಳಿಯಿತು. ಲ್ಯಾಪ್‌ಟಾಪಿಗೆ ಪಟ್ಟಿ ಮಾಡುವ ಕೆಲಸ ಕೊಟ್ಟೆವು, ಸರ್ವರಿಗೆ ಚೀಟಿಯದು. ಸಣ್ಣ ಸಾಹುಕಾರರು ಆಡಿದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಮರುವಾರ ನನ್ನ ಮೇಜಿನ ಮೇಲೆ ಹೊಸ ಥರ್ಮಾಮೀಟರ್ ಇತ್ತು.

ಉಳಿದದ್ದು ಹಾವೇರಿ. ತಪ್ಪು ವರದಿ ಅಲ್ಲಿ ಸಲ್ಲಿಕೆಯಾಗಿ ಕುಳಿತಿತ್ತು. ಬಸ್ಸಿನಲ್ಲಿ ಹೋಗಿ ಸರ್ ಅವರೆದುರು ಎರಡೂ ಹಾಳೆಗಳನ್ನು ಇಟ್ಟೆ. ಅವರು ಎರಡನ್ನೂ ಹೋಲಿಸಿ ನೋಡಿದರು.

“ಅಮ್ಮಾ, ಇದನ್ನ ಯಾರೂ ಹಿಡಿಯೂದಿಲ್ರಿ. ಪರೀಕ್ಷಕರಿಗೆ ನಿಮ್ಮ ನಡುಕೋಣಿ ಏನು ಗೊತ್ತು? ಈಗ ವಾಪಸ್ ತಗೊಂಡ್ರ ಈ ಸಲ ಹೋತು. ಮತ್ತ ಒಂದು ವರ್ಷ. ಅಷ್ಟರಾಗ ನೀವು ರಿಟೈರ್ ಆಗ್ತೀರಿ.”

“ಹೌದ್ರಿ.”

“ವಿಚಾರ ಮಾಡ್ರಿ.”

ಹೊರಗೆ ಬಂದು ಜಗಲಿಯ ಮೇಲೆ ಕುಳಿತೆ. ವಿಚಾರ ಮಾಡಿದೆ ಎಂದೇನೂ ಬಣ್ಣಿಸುವುದಿಲ್ಲ. ಸುಮ್ಮನಿದ್ದುಬಿಡು ಎಂದು ಮನಸ್ಸು ನೂರು ಸಲ ಹೇಳಿತು. ಗೇಟಿನ ಬಳಿ ಎರಡು ದಿನ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದ ಹೆಣ್ಣುಮಗಳು ನೆನಪಾದಳು. ಚೀಲ ಎಂಟರಲ್ಲಿದೆ ಎಂದು ಗೊತ್ತಾದ ಮೇಲೂ ಕಂಪ್ಯೂಟರಿನಲ್ಲಿ ಮೂರೆಂದೇ ಬಿಡುತ್ತಿದ್ದೆನೇ? ಒಳಗೆ ಹೋಗಿ ವಾಪಸಿನ ಅರ್ಜಿಗೆ ಸಹಿ ಹಾಕಿದೆ.

ಅಣ್ಣನಿಗೆ ಹೇಳಿದಾಗ ಅವನು ತಲೆ ಕೆಳಗೆ ಹಾಕಿದ. “ನಾ ಬಾಯಿ ಮುಚ್ಚಿಕೊಂಡು ರೊಟ್ಟಿ ತಿಂದಿದ್ರ ನಿನಗ ಡಿಗ್ರಿ ಸಿಗ್ತಿತ್ತು,” ಎಂದ. ಅದಾದ ಮೇಲೆ ಎಷ್ಟೋ ದಿನ ನನ್ನ ಪುಸ್ತಕದ ಕಡೆ ನೋಡಲಿಲ್ಲ.

ಆ ವರ್ಷದ ಕೊನೆಗೆ ನಿವೃತ್ತಳಾದೆ. ಶಾಲು ಹೊದಿಸಿದರು, ಫೋಟೋ ತೆಗೆದರು. ನೌಕರರ ಪಟ್ಟಿಯಲ್ಲಿ ನನ್ನ ಹೆಸರು ಬಂದದ್ದು ಬರೀ ಹೆಸರಾಗಿಯೇ, ಮುಂದೆ ಏನೂ ಇರಲಿಲ್ಲ. ಅಂದು ಅದು ಚುಚ್ಚಿತು. ಇವತ್ತಿಗೂ ಚುಚ್ಚುವುದಿಲ್ಲ ಎಂದರೆ ಸುಳ್ಳು. ಸರ್ವರ್ ಕೂಡ ಈಗ ಅಲ್ಲಿಲ್ಲ. ನಾನು ಕೆಲಸ ಬಿಟ್ಟು ಬಂದ ಮೇಲೆ ಹೊಸ ಪ್ರೊಸೆಸರಿನ ಹೊಸ ಸರ್ವರ್ ತಂದರಂತೆ. ಅಗಲ ಮೈಯದು, ಎತ್ತಲು ಇಬ್ಬರು ಬೇಕಾದರಂತೆ.

ಎರಡನೆಯ ವರದಿಯನ್ನು ಮನೆಯಲ್ಲಿ ಕುಳಿತು ಬರೆದೆ. ತಪ್ಪಿದ ಪರೀಕ್ಷೆಯ ಹಾಳೆಯನ್ನು ತೆಗೆಯಲಿಲ್ಲ. “ಈ ಅಳತೆ ತಪ್ಪು, ಕಾರಣ ಹೀಗಿದೆ” ಎಂದು ತಲೆಬರಹ ಕೊಟ್ಟು ಮೊದಲಿಗೇ ಇಟ್ಟೆ. ಸರ್ ಬೇಡವೆಂದರು, ನಾನು ಇರಲಿ ಎಂದೆ. ತಪ್ಪು ಹಿಡಿದವನ ಹೆಸರನ್ನೂ ಬರೆದೆ: ಫಕ್ಕೀರಪ್ಪ, ಹಮಾಲರ ಮೇಸ್ತ್ರಿ. ಮೌಖಿಕ ಪರೀಕ್ಷೆಯ ದಿನ ಬಂದಿದ್ದ ಪರೀಕ್ಷಕರು ಹೆಚ್ಚು ಹೊತ್ತು ಓದಿದ್ದು ಆ ಹಾಳೆಯನ್ನೇ. ಕನ್ನಡಕ ತೆಗೆದು ಕೇಳಿದರು, “ಈ ಫಕ್ಕೀರಪ್ಪನವರು ಏನು ಓದಿದ್ದಾರೆ?”

“ಏನೂ ಇಲ್ರಿ. ನನ್ನ ಓದಿನ ಸಲುವಾಗಿ ಚೀಲ ಹೊತ್ತಾರ್ರಿ.”

ಅವರು ಕನ್ನಡಕ ಹಾಕಿಕೊಂಡು ಆ ಹೆಸರನ್ನು ಮತ್ತೊಮ್ಮೆ ಓದಿದರು.

ಪ್ರಮಾಣಪತ್ರ ಬಂದಿದೆ ಎಂದು ಕೇಂದ್ರದಿಂದ ಫೋನ್ ಬಂದಾಗ ಅಣ್ಣ ತಾನೂ ಬರುತ್ತೇನೆಂದ. ಇಸ್ತ್ರಿ ಮಾಡಿದ ಧೋತರ ಉಟ್ಟ, ಟೋಪಿ ಹಾಕಿದ. ಕಿಟಕಿಯ ಒಳಗಿದ್ದ ಗುಮಾಸ್ತರು ನನ್ನ ಬಿಳಿ ಕೂದಲು ನೋಡಿ, “ಮಗಳದೇನ್ರಿ? ಅಕಿನ್ನ ಕಳಸ್ರಿ, ಸ್ವಂತ ಸಹಿ ಬೇಕು,” ಎಂದರು.

ನಾನು ಬಾಯಿ ತೆರೆಯುವುದರೊಳಗೆ ಅಣ್ಣ ಕಿಟಕಿಗೆ ಮುಖ ಹಚ್ಚಿ ನಿಂತಿದ್ದ. “ಮಗಳು ಯಾರೂ ಇಲ್ರಿ. ಇಕಿನ ಪಾಸಾದಾಕಿ. ಎರಡು ಸಲ ಬರದು ಪಾಸಾಗ್ಯಾಳ!”

ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ರಿಜಿಸ್ಟರಿನಲ್ಲಿ ಸಹಿ ಮಾಡಿದೆ. ಗುಮಾಸ್ತರು ಎದ್ದು ನಿಂತು ಎರಡೂ ಕೈಯಿಂದ ಕೊಟ್ಟರು. ದಪ್ಪ ಹಾಳೆ. ನನ್ನ ಹೆಸರು, ಅಪ್ಪನ ಹೆಸರು, ಮುಂದೆ ಆ ಮೂರು ಅಕ್ಷರ.

ಹೊರಗೆ ಮಧ್ಯಾಹ್ನದ ಬಿಸಿಲು. ನಾನು ಅದನ್ನು ಕವರಿಗೆ ಹಾಕಹೋದೆ. ಅಣ್ಣ ತಡೆದು ಕೈಗೆ ತೆಗೆದುಕೊಂಡ. ಓದಲು ಬಾರದು, ಆದರೂ ಬಿಸಿಲಿಗೆ ಹಿಡಿದು, ಕಾಯಿಯ ಬಣ್ಣ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ವಾಪಸು ಕೊಟ್ಟ.

“ಮುಚ್ಚಬ್ಯಾಡ ಬಿಡು ತಂಗೆವ್ವಾ,” ಎಂದ. “ಇದು ಹೊರಗ ಇಟ್ಟು ನೋಡಿದ ಮಾಲು. ಬಣ್ಣ ಬಿಡೂದಿಲ್ಲ.”